ಮೈಸೂರು ಅರಮನೆ: ದೀಪ ನೋಡಿದರೆ ಸಾಕೇ, ಒಳಗೂ ಹೋಗಬೇಕೇ?

ಭಾನುವಾರ ಒಂದು ದಿನ ಮಾತ್ರ ಮೈಸೂರಿನಲ್ಲಿರುತ್ತೇವೆ, ಜೊತೆಗೆ ವಯಸ್ಸಾದ ಅತ್ತೆಯವರಿದ್ದಾರೆ, ಸಂಜೆಯ ದೀಪಾಲಂಕಾರ ನೋಡಿದರೆ ಸಾಲದೇ, ಒಳಗಿರುವುದು ಬರೀ ಆಡಂಬರವಲ್ಲವೇ ಎಂದು ಕೇಳಿದ್ದೀರಿ. ಊರಿಗೆ ಬಂದ ನೆಂಟರಿಗೆಲ್ಲ ಅರಮನೆ ತೋರಿಸುವ ಕೆಲಸ ನಮ್ಮ ಮನೆಯಲ್ಲಿ ನನ್ನ ಪಾಲಿನದು. ಆ ಸಲುಗೆಯಿಂದ ಹೇಳುತ್ತೇನೆ, ಒಳಗೆ ಹೋಗಿ. ಆಡಂಬರ ಇರುವುದು ನಿಜ. ಆದರೆ ಅದರ ಬೆನ್ನಿಗೆ ಬೆಂಕಿಯ ಭಯವೂ ಇದೆ.

ಇದೇ ಜಾಗದಲ್ಲಿದ್ದ ಹಳೆಯ ಅರಮನೆ ಬಹುಪಾಲು ಮರದ್ದು. 1897ರಲ್ಲಿ ರಾಜಕುಮಾರಿ ಜಯಲಕ್ಷ್ಮಮ್ಮಣ್ಣಿಯವರ ಮದುವೆಯ ಸಂಭ್ರಮದ ನಡುವೆಯೇ ಬೆಂಕಿಗೆ ಆಹುತಿಯಾಯಿತು. ನಾಲ್ವಡಿ ಕೃಷ್ಣರಾಜ ಒಡೆಯರ್ ಆಗಿನ್ನೂ ಬಾಲಕ. ರಾಜ್ಯಭಾರ ತಾಯಿ ವಾಣಿವಿಲಾಸ ಸನ್ನಿಧಾನದವರ ಕೈಯಲ್ಲಿತ್ತು. ಶಿಮ್ಲಾದ ವೈಸ್‌ರಾಯ್ ನಿವಾಸದ ವಿನ್ಯಾಸ ಮಾಡಿದ್ದ ಹೆನ್ರಿ ಇರ್ವಿನ್ ಅವರಿಗೆ ಹೊಸ ಅರಮನೆಯ ಹೊಣೆ ಬಂತು. 1912ರಲ್ಲಿ ಮುಗಿದಾಗ ಖರ್ಚು 41 ಲಕ್ಷ ರೂಪಾಯಿ ದಾಟಿತ್ತು. ಈ ಸಲ ಕಲ್ಲು, ಇಟ್ಟಿಗೆ, ಕಬ್ಬಿಣ. ಪುರಾತನ ಕಾಲದ್ದು ಎಂದು ಪ್ರವಾಸಿಗರು ಬೆರಗಾಗುವ ಈ ಕಟ್ಟಡ ತನ್ನ ಕಾಲಕ್ಕೆ ಅಚ್ಚ ಹೊಸ ಮಾದರಿಯದು.

ಇದು ಕಣ್ಣಿಗೆ ಕಾಣುವುದು ಎಂಟು ಮೂಲೆಯ ಕಲ್ಯಾಣ ಮಂಟಪದಲ್ಲಿ. ಕಂಬಗಳ ಹತ್ತಿರ ನಿಲ್ಲಿ. ನೀಲಿ ಬಣ್ಣ, ಚಿನ್ನದ ಲೇಪ, ಬಳ್ಳಿ, ಹೂವು ಎಲ್ಲ ನಮ್ಮವೇ ಎನಿಸುತ್ತವೆ. ಕಂಬ ಮಾತ್ರ ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ಎರಕ ಹೊಯ್ದ ಕಬ್ಬಿಣ. ತಲೆಯ ಮೇಲಿನ ನವಿಲುಗಳ ಬಣ್ಣದ ಗಾಜು ಕೂಡ ಅಲ್ಲಿಂದಲೇ ಹಡಗಿನಲ್ಲಿ ಬಂದದ್ದು. ಅದರ ಚಿತ್ರ ಬರೆದುಕೊಟ್ಟವರು ಮಾತ್ರ ಮೈಸೂರಿನ ಕಲಾವಿದರು. ಮದುವೆಯ ವೇಳೆ ಮನೆ ಕಳೆದುಕೊಂಡ ಕುಟುಂಬ ಮದುವೆಯ ಮಂಟಪವನ್ನೇ ಕಬ್ಬಿಣದಲ್ಲಿ ನಿಲ್ಲಿಸಿತಲ್ಲ ಎಂದು ಪ್ರತಿ ಸಲವೂ ನನಗೆ ಅನಿಸುತ್ತದೆ.

ಸುತ್ತಲಿನ ಗೋಡೆಗಳಲ್ಲಿ ದಸರಾ ಮೆರವಣಿಗೆಯ 26 ವರ್ಣಚಿತ್ರಗಳಿವೆ. ಹಿಂದಿನಿಂದ ಜನ ತಳ್ಳುತ್ತಾರೆ, ಆದರೂ ಜಗ್ಗಬೇಡಿ. ಆನೆ, ಕುದುರೆಗಳನ್ನು ಬಿಟ್ಟು ಮೆರವಣಿಗೆ ನೋಡಲು ನಿಂತ ಜನರ ಮುಖಗಳನ್ನು ನೋಡಿ. ಛಾಯಾಚಿತ್ರಗಳನ್ನು ಮುಂದಿಟ್ಟುಕೊಂಡು ಬರೆದವು. 1934ರಿಂದ 1945ರವರೆಗೆ ಕೆಲಸ ನಡೆಯಿತು. ಇಡೀ ಅರಮನೆಯಲ್ಲಿ ಪ್ರಜೆಗಳು ಕಾಣಿಸುವುದು ಇಲ್ಲಿಯೇ.

ಚಿನ್ನದ ಅಂಬಾರಿಯ ಮುಂದೆ ಎಲ್ಲರೂ ತೂಕ ಕೇಳುತ್ತಾರೆ. ಒಟ್ಟು ಸುಮಾರು 750 ಕಿಲೋ, ಒಳಗಿರುವುದು ಮರ, ಹೊದಿಕೆ ಚಿನ್ನದ್ದು. ನನಗೆ ಇಷ್ಟ ಅದರಲ್ಲಿದ್ದ ಕೆಂಪು, ಹಸಿರು ದೀಪಗಳ ಕಥೆ. ಮಾವುತನಿಗೆ ನಿಲ್ಲು, ನಡೆ ಎನ್ನಲು ಮಹಾರಾಜರು ಅವನ್ನು ಬಳಸುತ್ತಿದ್ದರಂತೆ. ಆನೆಯ ಮೇಲೆ ಸಿಗ್ನಲ್! ಚಿನ್ನದ ಸಿಂಹಾಸನವನ್ನು ಮಾತ್ರ ಹುಡುಕಬೇಡಿ, ಅದನ್ನು ಜೋಡಿಸುವುದು ದಸರೆಯಲ್ಲಿ. ದರ್ಬಾರ್ ಹಾಲ್ ಬಗ್ಗೆ ನಾನು ಹೇಳಬೇಕಾಗಿಲ್ಲ, ಅದು ತಾನೇ ನಿಲ್ಲಿಸಿಕೊಳ್ಳುತ್ತದೆ.

ಭಾನುವಾರವಾದ್ದರಿಂದ ಬೆಳಿಗ್ಗೆ ಬಾಗಿಲು ತೆರೆಯುವ ಹತ್ತು ಗಂಟೆಗೇ ಅಲ್ಲಿರಿ. ಹನ್ನೊಂದರ ನಂತರ ಬಸ್ಸುಗಟ್ಟಲೆ ಜನ ಬರುತ್ತಾರೆ. ಚಪ್ಪಲಿ ಹೊರಗೆ ಬಿಡಬೇಕು. ಬೇಸಿಗೆಯಾದರೆ ಅಂಗಳದ ಕಲ್ಲು ಕಾದಿರುತ್ತದೆ, ಅತ್ತೆಯವರಿಗೆ ಒಂದು ಜೊತೆ ಕಾಲುಚೀಲ ಇಟ್ಟುಕೊಳ್ಳಿ. ದರ್ಬಾರ್ ಹಾಲ್‌ಗೆ ಮೆಟ್ಟಿಲು ಹತ್ತಬೇಕು. ಮಂಡಿನೋವಿದ್ದರೆ ಕಲ್ಯಾಣ ಮಂಟಪ ನೋಡಿ ಅವರು ಕೆಳಗೇ ಕುಳಿತಿರಲಿ, ಅಲ್ಲಿಗೆ ಮುಕ್ಕಾಲು ಅರಮನೆ ನೋಡಿದಂತೆಯೇ. ಮಧ್ಯಾಹ್ನ ಊಟ ಮಾಡಿಸಿ ಕೋಣೆಯಲ್ಲಿ ಮಲಗಿಸಿ. ದೀಪ ಹತ್ತುವುದು ಸಂಜೆ ಏಳರ ಸುಮಾರಿಗೆ, ಇರುವುದು ಮುಕ್ಕಾಲು ಗಂಟೆ. ಆರೂವರೆಗೆ ಹೊರಟರೆ ಅತ್ತೆಯವರಿಗೆ ನಿಧಾನವಾಗಿ ನಡೆಯಲು ಸಮಯ ಸಿಗುತ್ತದೆ.