ಶಿರಸಿ, ಕಾರವಾರದ ಕಡೆ ಬೆಳೆದವರೇ, ನಿಮ್ಮ ಮೆಚ್ಚಿನ ಕಾಮಿಕ್ಸ್ ಯಾವುದು? ವಿಜ್ಞಾನ ಕಲ್ಪನೆಯದ್ದೂ ಹೇಳಿ.

ನನ್ನ ಓಟು ಮಾಂಡ್ರೇಕನಿಗೆ. ಲೀ ಫಾಕ್ 1934ರಲ್ಲಿ ಶುರುಮಾಡಿದ ಈ ಜಾದೂಗಾರನನ್ನು ನಮ್ಮಲ್ಲಿ ಮನೆಮಾತಾಗಿಸಿದ್ದು 1964ರಲ್ಲಿ ಹುಟ್ಟಿದ ಇಂದ್ರಜಾಲ ಕಾಮಿಕ್ಸ್. ಎತ್ತರದ ಟೋಪಿ, ಕಣ್ಕಟ್ಟು ವಿದ್ಯೆ ಎಂದುಕೊಂಡು ಓದಲು ಕೂತರೆ ಕಥೆ ಸೀದಾ ಬಾಹ್ಯಾಕಾಶಕ್ಕೆ ಹಾರುತ್ತದೆ. ಗೆಲಾಕ್ಸಿಯ ಚಕ್ರವರ್ತಿ ಮ್ಯಾಗ್ನನ್ ಅವನ ಗೆಳೆಯ! ರಾತ್ರಿಯಿಡೀ ಬಡಗುತಿಟ್ಟಿನ ಯಕ್ಷಗಾನದ ಆಟ ನೋಡುವ ನಮ್ಮ ಕಡೆಯ ಮಕ್ಕಳಿಗೆ ಮಾಯಾವಿಗಳೇನೂ ಹೊಸಬರಲ್ಲ, ಹೊಸದೆಂದರೆ ರಾಕೆಟ್ಟು.

ಅಪ್ಪಟ ವಿಜ್ಞಾನ ಕಲ್ಪನೆಯೇ ಬೇಕಾದರೆ ಫ್ಲಾಶ್ ಗಾರ್ಡನ್. ಅಲೆಕ್ಸ್ ರೇಮಂಡ್ ಬರೆದ ಚಿತ್ರಗಳು ಬಲು ಚಂದ, ಕಥೆ ಮಾತ್ರ ನನಗೆ ಸಪ್ಪೆ. ಕಾಡಿನ ಮುಖವಾಡದ ವೀರ ಫ್ಯಾಂಟಮ್ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಯಾಣದ ಬಂಡೆ ಕಂಡವರಿಗೆ ಅವನು ವಾಸಿಸುವ ತಲೆಬುರುಡೆಯ ಗುಹೆಯನ್ನು ನಂಬುವುದು ಕಷ್ಟವಲ್ಲ.

ಪುರಾಣಕ್ಕೆ ಅಮರ ಚಿತ್ರ ಕಥೆ ಇದ್ದೇ ಇದೆ. ಅದರ ಸಂಪಾದಕ ಅನಂತ ಪೈ ಹುಟ್ಟಿದ್ದು ಇದೇ ಕರಾವಳಿಯ ಕೆಳಗಿನ ಕಾರ್ಕಳದಲ್ಲಿ. ಸರಣಿಯ 'ಕೃಷ್ಣ' ಮೊದಲ ಸಂಚಿಕೆಯಲ್ಲ, 11ನೆಯದು. ಅದಕ್ಕೂ ಮೊದಲಿನ ಹತ್ತು ಪಾಶ್ಚಾತ್ಯ ಕಥೆಗಳು, ಅವು ಬಂದದ್ದು ಕನ್ನಡದಲ್ಲಿ.

ಇಂದ್ರಜಾಲ 1990ರಲ್ಲೇ ನಿಂತಿತು. ಹಳೇ ಪ್ರತಿ ಕೊಳ್ಳುವಾಗ ನಡುವಿನ ಹಾಳೆಗಳಿವೆಯೇ ಅಂತ ಮೊದಲು ನೋಡಿಕೊಳ್ಳಿ.