ಮಸಾಲೆ ಪುಡಿ ವ್ಯಾಪಾರ ಬೆಳೆಯುತ್ತಿದೆ, ಯಾವ ಸಾಫ್ಟ್‌ವೇರ್ ತೆಗೆದುಕೊಳ್ಳಲಿ?

ಮನೆಯಲ್ಲಿ ಶುರುಮಾಡಿದ ಖಾರಪುಡಿ, ಸಾಂಬಾರ್ ಪುಡಿ ಈಗ ಹತ್ತಾರು ಅಂಗಡಿಗೆ ಹೋಗುತ್ತಿದೆ, ಲೆಕ್ಕ ಕೈಮೀರುತ್ತಿದೆ, ಯಾವ ಸಾಫ್ಟ್‌ವೇರ್ ಬೇಕು ಎಂದು ಕೇಳಿದ್ದೀರಿ. ನಾನೂ ಹುಬ್ಬಳ್ಳಿಯಲ್ಲಿ ಇದೇ ಕಸುಬು ಮಾಡುತ್ತೇನೆ. ಬಿಲ್ಲಿಗೆ ಟ್ಯಾಲಿ ಎಂಬ ಲೆಕ್ಕಪತ್ರದ ಸಾಫ್ಟ್‌ವೇರ್ ಸಾಕು. ನಿಮ್ಮ ಆಡಿಟರಿಗೂ ಅದು ಗೊತ್ತಿರುತ್ತದೆ.

ಆದರೆ ನಮ್ಮ ಕಸುಬಿನಲ್ಲಿ ಲೆಕ್ಕ ತಪ್ಪುವುದು ಬಿಲ್ಲಿನಲ್ಲಲ್ಲ, ಗೋದಾಮಿನಲ್ಲಿ. ಬ್ಯಾಡಗಿ ಕಾಯಿಯನ್ನು ಸುಗ್ಗಿಯಲ್ಲೇ ಕೊಂಡು ಕೋಲ್ಡ್ ಸ್ಟೋರೇಜಿನಲ್ಲಿ ಇಡುತ್ತೇವೆ, ಅಲ್ವಾ? ಆಮೇಲೆ ತೊಟ್ಟು ಬಿಡಿಸಬೇಕು, ಒಣಗಿಸಬೇಕು, ಹುರಿಯಬೇಕು. ಪ್ರತಿಸಲವೂ ತೂಕ ಇಳಿಯುತ್ತದೆ. ಚೀಲದ ತೂಕ ಹಿಡಿದು ಪುಡಿಗೆ ದರ ಕಟ್ಟಿದರೆ ವ್ಯಾಪಾರ ಜಾಸ್ತಿ ಆದಷ್ಟೂ ನಷ್ಟವೇ ಬೆಳೆಯುತ್ತದೆ. ಹಾಗಾಗಿ ತಕ್ಕಡಿಯ ಪಕ್ಕದಲ್ಲೇ ಒಂದು ಪುಸ್ತಕ ಇಡಿ. ಪ್ರತಿ ಬ್ಯಾಚಿಗೂ ತಾರೀಖು, ಹಾಕಿದ ಕಾಯಿ ಎಷ್ಟು ಕೆಜಿ, ಬಂದ ಪುಡಿ ಎಷ್ಟು ಕೆಜಿ, ಬ್ಯಾಚ್ ನಂಬರ್ ಏನು ಎಂದು ಕೆಲಸದವರೇ ಬರೆಯಲಿ. ಪ್ಯಾಕೆಟ್ ಮೇಲೆ ಬ್ಯಾಚ್ ನಂಬರ್ ಹಾಕುವುದು ಹೇಗೂ ಕಡ್ಡಾಯ. ಅದೇ ನಂಬರ್ ಪುಸ್ತಕದಲ್ಲೂ ಬಿಲ್ಲಿನಲ್ಲೂ ಇದ್ದರೆ, ಪುಡಿ ಗಂಟು ಕಟ್ಟಿದೆ ಎಂದು ಯಾರಾದರೂ ಹೇಳಿದಾಗ ಆ ಬ್ಯಾಚಷ್ಟನ್ನೇ ವಾಪಸ್ ತರಿಸಬಹುದು. ಈ ಪುಸ್ತಕ ಕೆಲವು ತಿಂಗಳು ಸರಿಯಾಗಿ ನಡೆದರೆ ನಿಮ್ಮ ನಿಜವಾದ ಇಳುವರಿ ಗೊತ್ತಾಗುತ್ತದೆ. ಆಮೇಲೆ ಅದೇ ಅಂಕಿಯನ್ನು ಟ್ಯಾಲಿಯ ಬಿಲ್ ಆಫ್ ಮೆಟೀರಿಯಲ್ಸ್‌ಗೆ, ಅಂದರೆ ಎಷ್ಟು ಪುಡಿಗೆ ಎಷ್ಟು ಕಚ್ಚಾ ಸಾಮಾನು ಬೇಕು ಎಂಬ ಪಟ್ಟಿಗೆ ಹಾಕಿ. ಅಂಕಿ ಇಲ್ಲದೆ ಸಾಫ್ಟ್‌ವೇರ್ ಕೊಂಡರೆ ಸುಮ್ನೆ ದುಡ್ಡು ದಂಡ.

ಎರಡನೆಯದು ಉದ್ರಿ. ಸಣ್ಣ ಉದ್ದಿಮೆಗಳಿಗೆ ಕೇಂದ್ರ ಸರ್ಕಾರ ಕೊಡುವ ಉದ್ಯಮ್ ನೋಂದಣಿ ಆನ್‌ಲೈನಿನಲ್ಲಿ ಉಚಿತ, ಇವತ್ತೇ ಮಾಡಿಸಿ, ಆ ನಂಬರನ್ನು ಬಿಲ್ಲಿನ ಮೇಲೆ ಅಚ್ಚು ಹಾಕಿಸಿ. ನಮ್ಮಂಥ ಸಣ್ಣ ತಯಾರಕರಿಗೆ ಲಿಖಿತ ಒಪ್ಪಂದ ಇದ್ದರೂ 45 ದಿನದೊಳಗೆ, ಇಲ್ಲದಿದ್ದರೆ 15 ದಿನದೊಳಗೆ ಹಣ ಕೊಡಬೇಕು ಎಂದು ಸಣ್ಣ ಉದ್ದಿಮೆಗಳಿಗೆಂದೇ ಇರುವ 2006ರ ಎಂಎಸ್‌ಎಂಇ ಕಾಯ್ದೆ ಹೇಳುತ್ತದೆ. ಕಿರಾಣಿ ಅಂಗಡಿಯವರ ಮುಂದೆ ಕಾನೂನು ಮಾತಾಡಿ ಉಪಯೋಗವಿಲ್ಲ, ಅಲ್ಲಿ ವಾರಕ್ಕೊಮ್ಮೆ ಖುದ್ದಾಗಿ ಹೋಗಿ ವಸೂಲಿ ಮಾಡಬೇಕು. ಸೂಪರ್‌ಮಾರ್ಕೆಟ್, ಡಿಸ್ಟ್ರಿಬ್ಯೂಟರ್ ಹತ್ತಿರ ಮಾತ್ರ ಅದು ಕೆಲಸಕ್ಕೆ ಬರುತ್ತದೆ.

ವ್ಯಾಪಾರಕ್ಕೆ ಬೇರೆ ಕರೆಂಟ್ ಅಕೌಂಟ್ ತೆರೆಯಿರಿ, ಕ್ಯೂಆರ್ ಕೋಡ್ ಅದಕ್ಕೇ ಜೋಡಿಸಿ. 2025ರ ಜುಲೈನಲ್ಲಿ ಯುಪಿಐ ಲೆಕ್ಕ ಹಿಡಿದು ನಮ್ಮ ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸ್ ಬಂದದ್ದು ನೆನಪಿರಬಹುದು. ಮನೆಯ ಹಣ, ಅಂಗಡಿಯ ಹಣ ಒಂದೇ ಖಾತೆಯಲ್ಲಿದ್ದರೆ ಯಾವುದು ವ್ಯಾಪಾರದ್ದು ಎಂದು ತೋರಿಸುವುದು ಕಷ್ಟ. ಸರಕು ಮಾರುವವರಿಗೆ ಜಿಎಸ್‌ಟಿ ನೋಂದಣಿಯ ಮಿತಿ ವರ್ಷಕ್ಕೆ 40 ಲಕ್ಷ ರೂಪಾಯಿ ವಹಿವಾಟು. ಆದರೆ ಗೋವಾಕ್ಕೋ ಕೊಲ್ಲಾಪುರಕ್ಕೋ ಪುಡಿ ಮಾರುವುದಾದರೆ ಈ ಮಿತಿ ಲೆಕ್ಕಕ್ಕೆ ಬರುವುದಿಲ್ಲ, ಮೊದಲೇ ನೋಂದಣಿ ಬೇಕು.

ಒಂದು ಮಾತು ತಿಳಿಸಿ, ನೀವೇ ಪುಡಿ ಮಾಡುತ್ತೀರೋ, ಗಿರಣಿಗೆ ಕೊಡುತ್ತೀರೋ? ಗಿರಣಿಗೆ ಕೊಡುವುದಾದರೆ ಕಳಿಸುವಾಗ ಒಮ್ಮೆ, ಬಂದಮೇಲೆ ಒಮ್ಮೆ ನಿಮ್ಮ ತಕ್ಕಡಿಯಲ್ಲೇ ತೂಗಿ.