ಕಂಡಕ್ಟರರ ಸಿಟ್ಟು ಮತ್ತು ಮೇಷ್ಟ್ರ ಏಳು ರೂಪಾಯಿ

ತಿಪಟೂರಿನ ಓದುಗರೊಬ್ಬರು, ನಿವೃತ್ತ ಮುಖ್ಯೋಪಾಧ್ಯಾಯರು, ಎರಡು ಹಾಳೆ ತುಂಬ ಪತ್ರ ಬರೆದಿದ್ದಾರೆ. ಸಾರಾಂಶ ಇಷ್ಟು: ಬೆಳಿಗ್ಗೆ ಬ್ಯಾಂಕಿಗೆ ಹೋದರೆ ಕೌಂಟರಿನಲ್ಲಿದ್ದವರು ತಲೆ ಎತ್ತದೆ ‘ಸರ್ವರ್ ಇಲ್ಲ’ ಎಂದರು. ಮಧ್ಯಾಹ್ನ ಬೆಂಗಳೂರಿನ ಬಸ್ಸಿನಲ್ಲಿ ಏಳು ರೂಪಾಯಿ ಚಿಲ್ಲರೆ ಕೇಳಿದ್ದಕ್ಕೆ ಕಂಡಕ್ಟರು ರೇಗಿದರು. ರಾತ್ರಿ ಮಗಳ ಮನೆಗೆ ಊಟ ತಂದ ಹುಡುಗ ಪೊಟ್ಟಣವನ್ನು ಗೇಟಿಗೆ ನೇತುಹಾಕಿ, ಕರೆದರೂ ತಿರುಗಿ ನೋಡದೆ ಹೋದ. ‘ಈಗಿನವರಿಗೆ ಸಂಸ್ಕಾರವಿಲ್ಲ, ದುಡಿಮೆಯಲ್ಲಿ ಶ್ರದ್ಧೆಯಿಲ್ಲ. ನೀವು ಖಡಕ್ಕಾಗಿ ಒಂದು ಸಂಪಾದಕೀಯ ಬರೆಯಿರಿ, ಆ ಬಸ್ಸಿನ ನಂಬರನ್ನೂ ಅಚ್ಚು ಹಾಕಿ’ ಎಂದು ಕೇಳಿದ್ದಾರೆ.

ಮಾನ್ಯ ಮೇಷ್ಟ್ರೇ,

ಏಳು ರೂಪಾಯಿಯ ವಿಷಯದಲ್ಲಿ ನಾನು ಪೂರ್ತಿ ನಿಮ್ಮ ಕಡೆ. ಸಂಸ್ಕಾರದ ವಿಷಯದಲ್ಲಿ ಅಲ್ಲ. ಒಂದೇ ದಿನ ಮೂರು ಕಡೆ, ಒಬ್ಬರಿಗೊಬ್ಬರು ಪರಿಚಯವಿಲ್ಲದ ಮೂವರು ಒಂದೇ ರೀತಿ ನಡೆದುಕೊಂಡರು ಎಂದರೆ ಮೂವರ ತಾಯಿತಂದೆಯರನ್ನೂ ದೂರುವ ಮೊದಲು ಅವರ ಕೈಗೆ ಕೊಟ್ಟಿರುವ ಕೆಲಸ ಎಂಥದ್ದು ಎಂದು ನೋಡಬೇಕಲ್ಲವೇ?

ಕಂಡಕ್ಟರರಿಂದಲೇ ಶುರು ಮಾಡೋಣ. ನಮ್ಮ ಕಾಲದ ಕಂಡಕ್ಟರು ನಿಮಗೆ ನೆನಪಿರುತ್ತಾರೆ. ಕಂಕುಳಲ್ಲಿ ಚರ್ಮದ ಚೀಲ, ಕೈಯಲ್ಲಿ ಬಣ್ಣಬಣ್ಣದ ಟಿಕೆಟ್ ಕಟ್ಟುಗಳನ್ನು ಸಾಲಾಗಿ ಸಿಕ್ಕಿಸಿದ ಟ್ರೇ, ಕಿವಿಯ ಮೇಲೆ ಪೆನ್ನು. ಬೆರಳನ್ನು ನಾಲಿಗೆಗೆ ಮುಟ್ಟಿಸಿ ಟಿಕೆಟ್ ಹರಿದು, ಪಂಚಿನಿಂದ ಟಕ್ಕೆಂದು ತೂತು ಹೊಡೆದು ಕೊಡುತ್ತಿದ್ದರು. ಸ್ಟೇಜು ಬರುವ ಮೊದಲು ವೇಬಿಲ್, ಅಂದರೆ ಟಿಕೆಟ್ ಲೆಕ್ಕದ ಹಾಳೆ, ಬರೆದು ಮುಗಿಯಬೇಕು. ಮುಗಿಯದಿದ್ದರೆ ರಸ್ತೆಬದಿಯ ಹುಣಸೆಮರದ ಕೆಳಗೆ ಬಸ್ಸು ನಿಲ್ಲುತ್ತಿತ್ತು. ನಾವು ಒಳಗೆ ಬೆವರುತ್ತಾ ಬೈಯುತ್ತಿದ್ದೆವು, ಅವರು ನಿಧಾನವಾಗಿ ಲೆಕ್ಕ ಬರೆಯುತ್ತಿದ್ದರು. ಆ ನಿಲುಗಡೆ ವೇಳಾಪಟ್ಟಿಯಲ್ಲಿ ಇರಲಿಲ್ಲ. ಆದರೆ ಅವರು ಉಸಿರು ಬಿಡುತ್ತಿದ್ದದ್ದೂ ಯಾರದೋ ಮಗುವಿನ ಗಲ್ಲ ಸವರುತ್ತಿದ್ದದ್ದೂ ಆ ಐದು ನಿಮಿಷದಲ್ಲೇ.

ಟಿಕೆಟ್ ಯಂತ್ರ ಬಂತು, ಆ ಐದು ನಿಮಿಷ ಹೋಯಿತು. ಯಂತ್ರ ತಾನೇ ಲೆಕ್ಕ ಇಡುತ್ತದೆ ಎಂದ ಮೇಲೆ ಬಸ್ಸು ನಿಲ್ಲಿಸಲು ಕಾರಣವೇ ಇಲ್ಲ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂತು. ಮಹಿಳೆಯರಿಗೆ ಪ್ರಯಾಣ ಉಚಿತ, ಆದರೆ ಟಿಕೆಟ್ ಇಲ್ಲದ ಪ್ರಯಾಣವಲ್ಲ. ಪ್ರತಿಯೊಬ್ಬರಿಗೂ ಶೂನ್ಯ ದರದ ಟಿಕೆಟ್ ಹರಿಯಲೇಬೇಕು, ಏಕೆಂದರೆ ಸರ್ಕಾರ ಸಾರಿಗೆ ನಿಗಮಗಳಿಗೆ ಹಣ ತುಂಬಿಕೊಡುವುದು ಆ ಟಿಕೆಟುಗಳ ಲೆಕ್ಕದ ಮೇಲೆ. 2025ರ ಜುಲೈ ಹೊತ್ತಿಗೆ ಹಾಗೆ ಹರಿದ ಟಿಕೆಟುಗಳು 500 ಕೋಟಿ ಮುಟ್ಟಿದವು. ನಾಲ್ಕು ನಿಗಮಗಳೂ ಸರ್ಕಾರವೂ ಸಂಭ್ರಮಿಸಿದವು. ಸಂಭ್ರಮಿಸಬೇಕಾದದ್ದೇ. ನಮ್ಮ ಕಚೇರಿ ಗುಡಿಸುವ ಅಕ್ಕ ವರ್ಷಕ್ಕೊಮ್ಮೆ ತವರು ನೋಡುತ್ತಿದ್ದವರು ಈಗ ತಿಂಗಳಿಗೊಮ್ಮೆ ಹೋಗಿ ಬರುತ್ತಾರೆ. ನಾನು ಕೇಳುವುದು ಇಷ್ಟೇ: ಆ 500 ಕೋಟಿ ಸಲ ಗುಂಡಿ ಒತ್ತಿದ ಬೆರಳು ಯಾರದು?

ಒಂದು ಸಂಜೆ ಮೆಟ್ಟಿಲ ಪಕ್ಕ ನಿಂತು ನೋಡಿ. ಸೀಟು ತುಂಬಿ, ನಡುವಿನ ದಾರಿಯಲ್ಲಿ ಇನ್ನಷ್ಟು ಜನ. ಕಂಡಕ್ಟರು ಒಂದು ಭುಜ ಮುಂದೆ ಹಾಕಿ ಒಳಕ್ಕೆ ನುಗ್ಗುತ್ತಾರೆ. ಪ್ರತಿ ಹೆಣ್ಣುಮಗಳಿಗೂ ‘ಎಲ್ಲಿಗಮ್ಮ?’ ಎಂದು ಕೇಳಬೇಕು, ಗುರುತಿನ ಚೀಟಿ ನೋಡಬೇಕು, ಆಕೆ ಅದನ್ನು ಬ್ಯಾಗಿನ ತಳದಿಂದ ತೆಗೆಯುವವರೆಗೆ ಕಾಯಬೇಕು, ಗುಂಡಿ ಒತ್ತಬೇಕು, ಹರಿಯಬೇಕು. ಅಷ್ಟರಲ್ಲಿ ಹಿಂದಿನಿಂದ ಇಬ್ಬರು ಹತ್ತಿರುತ್ತಾರೆ. ತನಿಖೆಯವರು ಹತ್ತಿ, ಒಬ್ಬರ ಕೈಯಲ್ಲಿ ಟಿಕೆಟ್ ಇಲ್ಲದಿದ್ದರೆ ವಿವರಣೆ ಕೊಡಬೇಕಾದವರು ಇವರೇ. ನಗುನಗುತ್ತಾ ಮಾತನಾಡಿದರೋ ಇಲ್ಲವೋ ಎಂದು ಯಾವ ತನಿಖೆಯವರೂ ಕೇಳುವುದಿಲ್ಲ, ಯಂತ್ರದಲ್ಲಿ ಅದಕ್ಕೊಂದು ಗುಂಡಿಯೂ ಇಲ್ಲ. ಆ ಹೊತ್ತಿಗೆ ಸರಿಯಾಗಿ ನೀವು ಏಳು ರೂಪಾಯಿ ಕೇಳಿದ್ದೀರಿ.

ಚಿಲ್ಲರೆಯ ಕಥೆ ಇನ್ನೂ ಸ್ವಾರಸ್ಯ. ಟಿಕೆಟ್ಟಿನ ಹಿಂದೆ ಬಾಕಿ ಗೀಚಿ ‘ಇಳಿಯುವಾಗ ಕೇಳಿ’ ಎನ್ನುವುದು ಕನ್ನಡ ನಾಡಿನ ಅತಿ ಹಳೆಯ ಸಾಲಪತ್ರ. ಇಳಿಯುವ ಗಡಿಬಿಡಿಯಲ್ಲಿ ನಾವು ಮರೆಯುತ್ತೇವೆ, ಮನೆ ಸೇರಿದ ಮೇಲೆ ಕಂಡಕ್ಟರು ನುಂಗಿದರು ಎನ್ನುತ್ತೇವೆ. ನಾನು ಓಡಾಡುವ ದಾರಿಯಲ್ಲಿ ಈಗ ಯಂತ್ರದ ಪರದೆಯಲ್ಲೇ ಕ್ಯೂಆರ್ ಕೋಡ್ ಬರುತ್ತದೆ, ಮೊಬೈಲ್ ತೋರಿಸಿದರೆ ಆಯಿತು. ದಿನಾ ಕೇಳುತ್ತಿದ್ದ ಚಿಲ್ಲರೆ ಜಗಳ ಅರ್ಧಕ್ಕರ್ಧ ಇಳಿದಿದೆ. ಯಾರೂ ಕಂಡಕ್ಟರರಿಗೆ ಸಂಸ್ಕಾರ ಶಿಬಿರ ಮಾಡಿಸಿರಲಿಲ್ಲ.

ಇದನ್ನು ನಾನು ಹೊಸದಾಗಿ ಕಂಡುಹಿಡಿದಂತೆ ಹೇಳುತ್ತಿಲ್ಲ. 1951ರಲ್ಲಿ, ಜನರ ನಡವಳಿಕೆಯನ್ನೂ ಕೆಲಸವನ್ನೂ ಅಧ್ಯಯನ ಮಾಡುವ ಲಂಡನ್ನಿನ ಟ್ಯಾವಿಸ್ಟಾಕ್ ಸಂಸ್ಥೆಯ ಎರಿಕ್ ಟ್ರಿಸ್ಟ್ ಮತ್ತು ಕೆನ್ ಬ್ಯಾಮ್‌ಫೋರ್ತ್ ಬ್ರಿಟನ್ನಿನ ಕಲ್ಲಿದ್ದಲು ಗಣಿಗಳ ಬಗ್ಗೆ ಒಂದು ಪ್ರಬಂಧ ಬರೆದರು. ಬ್ಯಾಮ್‌ಫೋರ್ತ್ ಸ್ವತಃ ಗಣಿಯಲ್ಲಿ ಕೆಲಸ ಮಾಡಿ ಬಂದವರು, ಅದಕ್ಕೇ ಆ ಪ್ರಬಂಧಕ್ಕೆ ಕಲ್ಲಿದ್ದಲಿನ ವಾಸನೆ ಇದೆ. ಹಳೆಯ ಪದ್ಧತಿಯಲ್ಲಿ ಇಬ್ಬರು ಮೂವರು ತಾವೇ ಆರಿಸಿಕೊಂಡ ಜೊತೆಗಾರರೊಡನೆ ಒಂದು ತುಂಡು ಜಾಗದಲ್ಲಿ ಅಗೆಯುವುದು, ತುಂಬುವುದು, ಆಧಾರ ನಿಲ್ಲಿಸುವುದು ಎಲ್ಲವನ್ನೂ ಮಾಡುತ್ತಿದ್ದರು. ಜೊತೆಗಾರ ಸತ್ತರೆ ಅವನ ಸಂಸಾರವನ್ನು ಉಳಿದವರು ನೋಡಿಕೊಳ್ಳುತ್ತಿದ್ದದ್ದೂ ಉಂಟು. ಯಂತ್ರಗಳು ಬಂದ ಮೇಲೆ ಕಲ್ಲಿದ್ದಲಿನ ಉದ್ದನೆಯ ಒಂದೇ ಗೋಡೆ, ಮೂರು ಪಾಳಿ. ಒಂದು ಪಾಳಿ ಕತ್ತರಿಸಬೇಕು, ಇನ್ನೊಂದು ಸಾಗಣೆಯ ಪಟ್ಟಿಯನ್ನೂ ದಾರಿಯನ್ನೂ ಅಣಿಗೊಳಿಸಬೇಕು, ಮೂರನೆಯದು ಕಲ್ಲಿದ್ದಲು ತುಂಬಬೇಕು. ಒಂದು ಪಾಳಿಯವರು ಇನ್ನೊಂದು ಪಾಳಿಯವರ ಮುಖ ನೋಡುವುದಿಲ್ಲ. ಮೊದಲಿನವರು ಬಿಟ್ಟುಹೋದ ಅರೆಬರೆ ಕೆಲಸ ಕೊನೆಯವರ ತಲೆಗೆ. ಪರಿಣಾಮ: ದೂಷಣೆ, ಕಳ್ಳರಜೆ, ‘ನನ್ನದು ಮುಗಿಯಿತು’ ಎನ್ನುವ ಗುಣ. ನಿಮ್ಮ ಪತ್ರದ ಪದಗಳೇ ಅಲ್ಲಿಯೂ ಕೇಳಿಬಂದಿರಬೇಕು.

ಹಾಗೆಂದು ಯಂತ್ರಕ್ಕೆ ಶಾಪ ಹಾಕುವುದೂ ತಪ್ಪು. ಅದೇ ತಂಡದವರು ಆಮೇಲೆ ಡರಮ್ ಪ್ರಾಂತ್ಯದ ಗಣಿಗಳಲ್ಲಿ ನೋಡಿದರು: ಅದೇ ಬಗೆಯ ಯಂತ್ರ, ಅದೇ ಉದ್ದದ ಗೋಡೆ, ಆದರೆ ಇಡೀ ಕೆಲಸಕ್ಕೆ ಇಡೀ ಗುಂಪು ಹೊಣೆ, ಕೂಲಿಯೂ ಒಟ್ಟಿಗೆ, ಯಾರು ಯಾವಾಗ ಏನು ಮಾಡಬೇಕೆಂದು ಅವರೇ ತೀರ್ಮಾನಿಸುವುದು. ಅಲ್ಲಿ ಗೈರುಹಾಜರಿ ಕಡಿಮೆ, ಇಳುವರಿ ಹೆಚ್ಚು.

ನಮ್ಮ ದೇಶದ್ದೇ ಉದಾಹರಣೆ ಬೇಕೇ? 1953ರಲ್ಲಿ ಅದೇ ಸಂಸ್ಥೆಯ ಎ. ಕೆ. ರೈಸ್ ಅಹಮದಾಬಾದಿನ ಕ್ಯಾಲಿಕೊ ಗಿರಣಿಗೆ ಬಂದರು. ಸ್ವಯಂಚಾಲಿತ ಮಗ್ಗಗಳನ್ನು ಹಾಕಿದ್ದರೂ ಬಟ್ಟೆಯ ಪ್ರಮಾಣವೂ ಗುಣವೂ ಮೇಲೇರಿರಲಿಲ್ಲ. ನೇಯುವವನು ಒಬ್ಬ, ಕಡಿದ ಎಳೆ ಸರಿಪಡಿಸುವವನು ಒಬ್ಬ, ಎಣ್ಣೆ ಹಾಕುವವನು, ಕಸ ಗುಡಿಸುವವನು, ಬಟ್ಟೆ ಹೊರುವವನು ಎಂದು ಹತ್ತು ಹನ್ನೆರಡು ಬಗೆಯ ಕೆಲಸಗಾರರು ಎಲ್ಲಾ ಮಗ್ಗಗಳ ನಡುವೆ ಅಡ್ಡಾಡುತ್ತಿದ್ದರು. ಇಂಥ ಮಗ್ಗ ಇಂಥವರದ್ದು ಎಂಬುದೇ ಇರಲಿಲ್ಲ. ಒಂದಷ್ಟು ಮಗ್ಗಗಳನ್ನು ಒಂದು ಸಣ್ಣ ಗುಂಪು ಪೂರ್ತಿ ನೋಡಿಕೊಳ್ಳಲಿ ಎಂದು ರೈಸ್ ಸೂಚಿಸಿದರು. ಅವರು ವಿವರ ಯೋಜಿಸುವ ಮೊದಲೇ ಕೆಲಸಗಾರರು ತಾವಾಗಿಯೇ ಗುಂಪು ಕಟ್ಟಿಕೊಂಡು ಪಟ್ಟಿ ತಂದರು. ಹಾಳಾಗುವ ಬಟ್ಟೆ ಕಡಿಮೆಯಾಯಿತು. ಹೊಸ ಮಗ್ಗ ತರಲಿಲ್ಲ, ಹೊಸ ಜನ ತರಲಿಲ್ಲ. ಗಿರಣಿ ಆಮೇಲೆ ಮುಚ್ಚಿತು, ಕ್ಯಾಲಿಕೊ ಹೆಸರು ಈಗ ಅಲ್ಲಿನ ಜವಳಿ ಸಂಗ್ರಹಾಲಯದಲ್ಲಿ ಉಳಿದಿದೆ. ಅದು ಬೇರೆ ಕಥೆ.

ನನ್ನ ಮನೆಯ ಹೆಂಚೂ ತೂತೇ ಎನ್ನುವುದನ್ನು ಹೇಳಿಬಿಡುತ್ತೇನೆ. ನಾನು ಪತ್ರಿಕೆಗೆ ಸೇರಿದಾಗ ಅಚ್ಚುಮೊಳೆ ಜೋಡಿಸುವ ಕಾಲ. ಕಂಪೋಸಿಟರು ಅಕ್ಷರಗಳ ಖಾನೆಗಳಿದ್ದ ಕೇಸಿನ ಮುಂದೆ ನಿಂತು, ಎಡಗೈಯ ಸ್ಟಿಕ್ಕಿನಲ್ಲಿ ಒಂದೊಂದೇ ಅಕ್ಷರ, ಒತ್ತಕ್ಷರ ಇಟ್ಟು, ತಿರುಗುಮುರುಗಾಗಿ ಓದುತ್ತಿದ್ದರು. ಅಷ್ಟು ನಿಧಾನವಾಗಿ ಓದುವವರಿಂದ ಯಾವ ತಪ್ಪೂ ತಪ್ಪಿಸಿಕೊಳ್ಳುತ್ತಿರಲಿಲ್ಲ. ‘ಸ್ವಾಮಿ, ಈ ವಾಕ್ಯದಲ್ಲಿ ಹೊಡೆದವರು ಯಾರು ಅಂತ ಬರೆದೇ ಇಲ್ಲವಲ್ಲ?’ ಎಂದು ನನ್ನ ಮೇಜಿನ ಹತ್ತಿರ ಬಂದು ಕೇಳಿದವರಿದ್ದಾರೆ. ಕರಡಚ್ಚಿನಲ್ಲಿ ಒಂದು ಪದ ಬದಲಿಸಿದರೆ ಸಾಲನ್ನೇ ಕಳಚಿ ಮತ್ತೆ ಕಟ್ಟಬೇಕಾಗಿತ್ತು. ಅವರ ಮುಖ ನೋಡಿಯೇ ನಾವು ಯೋಚಿಸಿ ಬರೆಯುತ್ತಿದ್ದೆವು. ಈಗ ತಿದ್ದುವುದಕ್ಕೆ ಖರ್ಚಿಲ್ಲ, ಹಾಗಾಗಿ ಒಂದೇ ಶೀರ್ಷಿಕೆಯನ್ನು ರಾತ್ರಿ ಹನ್ನೊಂದರವರೆಗೆ ಒಂಬತ್ತು ಸಲ ತಿದ್ದುತ್ತೇನೆ. ಪುಟ ವಿನ್ಯಾಸ ಮಾಡುವ ಹುಡುಗಿ ನನ್ನನ್ನು ಹುಟ್ಟಾ ಚಂಚಲ ಎಂದುಕೊಂಡಿದ್ದರೆ ಆಶ್ಚರ್ಯವಿಲ್ಲ.

ಇನ್ನೊಂದು ತಪ್ಪೊಪ್ಪಿಗೆ. ಮೂರು ವರ್ಷದ ಹಿಂದೆ ಯಾರೋ ಹೇಳಿದರೆಂದು, ನಮ್ಮ ಯಾವ ಬರಹವನ್ನು ಎಷ್ಟು ಜನ ಮೊಬೈಲಿನಲ್ಲಿ ಓದುತ್ತಿದ್ದಾರೆ ಎಂದು ತೋರಿಸುವ ದೊಡ್ಡ ಪರದೆಯನ್ನು ಕಚೇರಿಯ ಗೋಡೆಗೆ ಹಾಕಿಸಿದೆ. ನಾಲ್ಕೇ ತಿಂಗಳಲ್ಲಿ, ಸಾಲುಸಾಲಾಗಿ ಒಳ್ಳೆಯ ವರದಿ ಬರೆಯುತ್ತಿದ್ದವರೂ ‘ಮುಂದೇನಾಯ್ತು ಗೊತ್ತಾ?’ ಎನ್ನುವ ಶೀರ್ಷಿಕೆ ಕೊಡತೊಡಗಿದರು. ನಾನು ಸಭೆ ಕರೆದು ವೃತ್ತಿಧರ್ಮದ ಬಗ್ಗೆ ಭಾಷಣ ಮಾಡಿದೆ. ಹಿರಿಯ ಉಪಸಂಪಾದಕರೊಬ್ಬರು ಮಾತಾಡಲಿಲ್ಲ, ನನ್ನ ತಲೆಯ ಹಿಂದಿದ್ದ ಪರದೆಯ ಕಡೆ ನೋಡಿದರು. ಮರುದಿನ ಅದನ್ನು ಇಳಿಸಿದೆವು. ಶೀರ್ಷಿಕೆಗಳು ಪೂರ್ತಿ ಸರಿಹೋಗಿಲ್ಲ. ಅಂಟಿದ ಚಟ ಅಷ್ಟು ಬೇಗ ಬಿಡುವುದಿಲ್ಲ.

ಊಟ ತಂದ ಹುಡುಗನ ಕೈಯಲ್ಲೂ ಅಂಥದ್ದೇ ಒಂದು ಸಣ್ಣ ಪರದೆ ಇರುತ್ತದೆ ಮೇಷ್ಟ್ರೇ. ನೀವು ಕರೆದಾಗ ಅದರಲ್ಲಿ ಮುಂದಿನ ಆರ್ಡರಿನ ಗಡಿಯಾರ ಓಡುತ್ತಿರುತ್ತದೆ. ಅವನಿಗೆ ಬಯ್ಯುವ ಮೇಲಧಿಕಾರಿಯೂ ಇಲ್ಲ, ಜಗಳವಾಡಲಿಕ್ಕೂ ಒಬ್ಬ ಮನುಷ್ಯ ಸಿಗುವುದಿಲ್ಲ. 2025ರಲ್ಲಿ, ಆ್ಯಪ್ ಮೂಲಕ ದುಡಿಯುವ ಇಂಥ ಗಿಗ್ ಕಾರ್ಮಿಕರಿಗೆಂದು ನಮ್ಮ ರಾಜ್ಯ ತಂದ ಕಾಯ್ದೆಯಲ್ಲಿ, ಆ್ಯಪ್ ತಾನೇ ಮಾಡುವ ನಿರ್ಧಾರಗಳು ಹೇಗೆ ಆಗುತ್ತವೆ ಎಂಬುದನ್ನು ದುಡಿಯುವವರಿಗೆ ತಿಳಿಸಬೇಕು ಎಂಬ ಮಾತಿದೆ. ಅದು ಅವನ ಗೇಟಿನವರೆಗೆ ತಲುಪಲು ಎಷ್ಟು ದಿನ ಬೇಕೋ ನೋಡೋಣ. ಬ್ಯಾಂಕಿನವರ ಪರವಾಗಿ ನಾನು ವಕಾಲತ್ತು ವಹಿಸುವುದಿಲ್ಲ. ‘ಸರ್ವರ್ ಇಲ್ಲ’ ಎನ್ನುವಾಗ ತಲೆ ಎತ್ತುವುದಕ್ಕೆ ಯಾವ ಯಂತ್ರದ ಅಡ್ಡಿಯೂ ಇರಲಿಲ್ಲ.

‘ಅದೇ ಬಸ್ಸಿನಲ್ಲಿ ನಗುವ ಕಂಡಕ್ಟರೂ ಇದ್ದಾರಲ್ಲ, ಆಗ ಏನೆನ್ನುತ್ತೀರಿ?’ ಎಂದು ನೀವು ಕೇಳುತ್ತೀರಿ, ನನಗೆ ಗೊತ್ತು. ಇದ್ದಾರೆ. ಜೋಕು ಹೇಳುತ್ತಾ ಟಿಕೆಟ್ ಹರಿಯುವವರನ್ನು ನಾನೂ ಕಂಡಿದ್ದೇನೆ, ಕೈಮುಗಿಯಬೇಕೆನಿಸುತ್ತದೆ. ಆದರೆ ಸಾವಿರಾರು ಬಸ್ಸುಗಳಿಗೆ ಅಷ್ಟು ಸಂತರನ್ನು ಎಲ್ಲಿಂದ ತರುವುದು? ಸಾಮಾನ್ಯ ಮನುಷ್ಯನೊಬ್ಬ ಸಾಮಾನ್ಯ ದಿನದಲ್ಲಿ ಸಭ್ಯನಾಗಿರಲು ಸಾಧ್ಯವಾಗುವಂತೆ ಆ ಕೆಲಸವನ್ನು ಕತ್ತರಿಸಿ ಹೊಲಿಯಬೇಕು ಎಂಬುದಷ್ಟೇ ನನ್ನ ವಾದ. ಅಳತೆ ತಪ್ಪಿದ ಅಂಗಿ ಹಾಕಿಸಿ ಕೈ ಎತ್ತಲಿಲ್ಲ ಎಂದು ಬೈದರೆ ಹೇಗೆ?

ನಿಮ್ಮ ಪತ್ರವನ್ನು ಸಾರಾಂಶವಾಗಿ ಮೇಲೆ ಹಾಕಿದ್ದೇನೆ, ಬಸ್ಸಿನ ನಂಬರನ್ನು ಮಾತ್ರ ಬಿಟ್ಟಿದ್ದೇನೆ, ಬೇಸರಿಸಬೇಡಿ. ಬದಲಿಗೆ ನನ್ನದೊಂದು ಕೋರಿಕೆ. ಸೇವೆಯ ಕೊನೆಯ ವರ್ಷಗಳಲ್ಲಿ ಪಾಠಕ್ಕಿಂತ ದಾಖಲೆಗಳೇ ಹೆಚ್ಚಾದವು, ಬಿಸಿಯೂಟದ ಲೆಕ್ಕ, ಮಕ್ಕಳ ವಿವರ ತುಂಬುವ ಎಸ್‌ಎಟಿಎಸ್ ಜಾಲತಾಣ ಎಂದು ಕಂಪ್ಯೂಟರ್ ಮುಂದೆ ಕೂರುವಂತಾಯಿತು, ಮಕ್ಕಳ ಮೇಲೆ ಸುಮ್ಮಸುಮ್ಮನೆ ರೇಗುತ್ತಿದ್ದೆ ಎಂದು ಪತ್ರದ ಕೊನೆಯಲ್ಲಿ ಎರಡು ಸಾಲು ಬರೆದು, ಆಮೇಲೆ ಹೊಡೆದುಹಾಕಿದ್ದೀರಿ. ಶಾಯಿಯ ಅಡಿಯಲ್ಲಿ ಓದಲು ಬಂತು. ಆ ಎರಡು ಸಾಲನ್ನು ನಾಲ್ಕು ಪುಟ ಮಾಡಿ ಕಳಿಸಿ. ಕೈಬರಹದಲ್ಲೇ ಇರಲಿ, ಇಲ್ಲಿ ಟೈಪ್ ಮಾಡಿಸಿಕೊಳ್ಳುತ್ತೇವೆ. ಈ ತಿಂಗಳ 25ರೊಳಗೆ ತಲುಪಿದರೆ ಮುಂದಿನ ಸಂಚಿಕೆಯಲ್ಲೇ ಜಾಗವಿದೆ.

— ಸಂ.